ಇಪ್ಪತ್ತೈದು ದಿನದ ಗುರುಗಳು

ನಿಮ್ಮ ಮನೆಯ ಹುಡುಗಿಯೊಬ್ಬಳು ಸಂಗೀತ ಕಲಿಯಲು ಹೊರಟು, ಸರಳೆವರಸೆ ಜಂಟಿವರಸೆಗಳನ್ನು ಮುಗಿಸಿ ಅಲಂಕಾರಕ್ಕೆ ಕಾಲಿಟ್ಟ ಇಪ್ಪತ್ತೈದನೆಯ ದಿನ ಮನೆಗೆ ಬಂದು, “ಅಪ್ಪಾ, ನಾನೀಗ ವಿದುಷಿ. ನಾಳೆಯಿಂದ ಪಾಠ ಹೇಳುತ್ತೇನೆ, ಬಾಗಿಲಿಗೆ ಬೋರ್ಡು ಬರೆಸಿ ಹಾಕು” ಎಂದರೆ ನೀವೇನು ಮಾಡುವಿರಿ? ನಗುವಿರಿ. ಮಗುವಿನ ಉತ್ಸಾಹಕ್ಕೆ ಮೆಚ್ಚಿ ಬೆನ್ನು ತಟ್ಟಿ, ಮತ್ತೆ ತಂಬೂರಿಯ ಮುಂದೆ ಕೂರಿಸುವಿರಿ. ಅದೇ ಹುಡುಗಿ ಇಪ್ಪತ್ತೈದು ದಿನ ಯೋಗದ ಶಾಲೆಯೊಂದರಲ್ಲಿದ್ದು, ಚಿನ್ನದ ಬಣ್ಣದ ಅಂಚಿನ ಕಾಗದವೊಂದನ್ನು ಹಿಡಿದು ಬಂದರೆ ನೀವು ನಗುವುದಿಲ್ಲ. ಕಾಗದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುವಿರಿ. ಸ್ವರ ತಪ್ಪಿದರೆ ಕೇಳುವವನ ಕಿವಿಗೆ ನೋವು. ಆಸನ ತಪ್ಪಿದರೆ ಕಲಿಯುವವನ ಬೆನ್ನುಮೂಳೆಗೆ ನೋವು. ಆದರೂ ಮೊದಲನೆಯದಕ್ಕೆ ಹತ್ತು ವರ್ಷ ಬೇಕೆನ್ನುವ ನಾವು ಎರಡನೆಯದಕ್ಕೆ ಒಂದು ತಿಂಗಳು ಸಾಕೆನ್ನುತ್ತೇವೆ.

ಹುಡುಗಿಯನ್ನು ಸುಮ್ಮನೆ ಎಳೆದುತಂದೆ. ಆ ಚೌಕಟ್ಟು ಹಾಕಿಸಿದವನು ನಾನೇ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದಾಗ ನನಗೆ ಅರವತ್ತು. ಅದಕ್ಕೆ ಮುಂಚೆ ಹನ್ನೆರಡು ವರ್ಷ ಬೆಳಗಿನ ಹೊತ್ತು ಆಸನಗಳನ್ನು ಮಾಡಿಕೊಂಡು ಬಂದವನು. ಮೈ ಹಗುರಾಗಿತ್ತು, ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಹೆಂಡತಿ, ಮಕ್ಕಳು, ವಾಕಿಂಗ್ ಗೆಳೆಯರು ಎಲ್ಲರೂ “ನೀವೇ ಏಕೆ ಕಲಿಸಬಾರದು?” ಎಂದರು. ನಿವೃತ್ತನಿಗೆ ಇದಕ್ಕಿಂತ ಸಿಹಿಯಾದ ಪ್ರಶ್ನೆ ಇನ್ನೊಂದಿಲ್ಲ. ಭವಿಷ್ಯನಿಧಿಯಿಂದ ಒಂದಿಷ್ಟು ಹಣ ತೆಗೆದು, ಒಂದು ಊರಿನ ಒಂದು ಶಾಲೆಗೆ ಸೇರಿದೆ. ಇಪ್ಪತ್ತೈದು ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು ಇನ್ನೂರು ಗಂಟೆ. ಕೊನೆಯ ದಿನ ಹೂಮಾಲೆ, ಛಾಯಾಚಿತ್ರ, ಪ್ರಮಾಣಪತ್ರ. ಊರಿಗೆ ಬಂದ ಮುಂದಿನ ವಾರವೇ ನಮ್ಮ ಬಡಾವಣೆಯ ಸಂಘದ ಹಾಲಿನಲ್ಲಿ ಬೆಳಗಿನ ಆರು ಗಂಟೆಗೆ ತರಗತಿ ಶುರು. ಇಪ್ಪತ್ತೆರಡು ಮಂದಿ ಸೇರಿದರು. ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕು ಒಂದನ್ನೂ ಕೊಂಡೆ. ಇಪ್ಪತ್ತೆರಡು ಮಂದಿಗೆ ಮೈಕು ಏಕೆಂದು ಕೇಳಬೇಡಿ. ಅದು ಕೇಳಿಸುವುದಕ್ಕಲ್ಲ, ಕಾಣಿಸುವುದಕ್ಕೆ.

ಎರಡು ತಿಂಗಳಾಗಿರಬಹುದು. ಎರಡನೆಯ ಸಾಲಿನಲ್ಲಿ ಅರವತ್ತಮೂರು ವರ್ಷದ ಒಬ್ಬ ಹೆಂಗಸು, ಆ ರಸ್ತೆಯವರೇ, ಪಶ್ಚಿಮೋತ್ತಾನಾಸನದಲ್ಲಿ ಕುಳಿತಿದ್ದರು. ಕಾಲು ಚಾಚಿ ಮುಂದಕ್ಕೆ ಬಾಗಿದ್ದರೂ ಕೈ ಮೊಣಕಾಲನ್ನು ದಾಟಿರಲಿಲ್ಲ. ನಾನು ಹಿಂದಿನಿಂದ ಹೋಗಿ, ಎರಡೂ ಅಂಗೈಯನ್ನು ಅವರ ಬೆನ್ನಿನ ಮೇಲಿಟ್ಟು, ಶಾಲೆಯಲ್ಲಿ ನನಗೆ ಮಾಡಿದ ಹಾಗೆಯೇ ಮೆಲ್ಲನೆ ಒತ್ತಿದೆ. ‘ಮೆಲ್ಲನೆ’ ಎಂಬುದು ಒತ್ತಿದವನ ಮಾತು. ಒಂದು ಸಣ್ಣ ಉಸಿರು ಕೇಳಿಸಿತು. ಇನ್ನೂ ಸ್ವಲ್ಪ ಒತ್ತಿದೆ. ಅಂದು ಅವರು ಗೋಡೆ ಹಿಡಿದು ಎದ್ದು ಮನೆಗೆ ಹೋದರು. ಮೂರನೆಯ ದಿನ ಎಕ್ಸ್‌ರೇ ತೆಗೆಸಿದಾಗ ಬೆನ್ನಿನ ಕೆಳಭಾಗದ ಒಂದು ಮೂಳೆ ಮುಂಭಾಗದಲ್ಲಿ ಕುಸಿದಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ನಿಮ್ಮ ಮೂಳೆಯ ಸಾಂದ್ರತೆಯನ್ನು ಯಾವಾಗಲಾದರೂ ನೋಡಿಸಿದ್ದಿರಾ?” ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಟೊಳ್ಳಾಗುವುದು ಅಪರೂಪದ ಸಂಗತಿಯಲ್ಲ. ಅಂಥ ಬೆನ್ನನ್ನು ಗೂನಾಗಿ ಬಾಗಿಸಿ ಮೇಲಿನಿಂದ ಭಾರ ಹಾಕಿದರೆ ಮೂಳೆಯ ಮುಂಭಾಗ ಜಜ್ಜಿಹೋಗಬಹುದು. ಇದು ವೈದ್ಯಶಾಸ್ತ್ರಕ್ಕೆ ಗುಟ್ಟಲ್ಲ. ನನಗೆ ಗೊತ್ತಿರಲಿಲ್ಲ, ಅಷ್ಟೆ. ಡಾಕ್ಟರು ಕೇಳಿದ ಆ ಪ್ರಶ್ನೆಯನ್ನು ಮೊದಲ ದಿನವೇ ನಾನು ಕೇಳಬೇಕಿತ್ತು ಎಂಬುದೂ ಗೊತ್ತಿರಲಿಲ್ಲ.

ನೋಡಲು ಹೋದೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವರು, ಬೈಯುವುದು ಹೋಗಲಿ, ಮಗಳನ್ನು ಕರೆದು ನನಗೆ ಕಾಫಿ ತರಿಸಿದರು. “ಅಂದು ನೋಯುತ್ತಿರಲಿಲ್ಲವೆ? ಏಕೆ ಹೇಳಲಿಲ್ಲ?” ಎಂದೆ. “ನೋಯುತ್ತಿತ್ತು. ಮೇಷ್ಟ್ರು ಒತ್ತುತ್ತಿದ್ದೀರಿ, ನೋಯುವುದೇ ಸರಿ ಇರಬೇಕು ಎಂದುಕೊಂಡೆ” ಎಂದರು.

ಈ ಲೇಖನ ಆ ಒಂದು ಮಾತಿನ ಮೇಲಿದೆ. ಮೂಳೆಯ ವಿಷಯ ನನಗೆ ತಿಳಿಯದಿದ್ದುದು ಒಂದು ತಪ್ಪು. ಆ ಹೆಂಗಸು ತಮ್ಮ ಮೈಯ ಮಾತನ್ನು ನಂಬದೆ ನನ್ನ ಪ್ರಮಾಣಪತ್ರವನ್ನು ನಂಬಿದ್ದು ಅದಕ್ಕಿಂತ ದೊಡ್ಡ ತಪ್ಪು. ಅದೂ ನನ್ನದೇ. ಚೌಕಟ್ಟಿನ ಕಾಗದ ನನಗೆ ವಿದ್ಯೆಯನ್ನು ಕೊಟ್ಟಿರಲಿಲ್ಲ. ಬೇರೊಬ್ಬರ ಬಾಯಿ ಮುಚ್ಚಿಸುವ ಅಧಿಕಾರವನ್ನು ಮಾತ್ರ ಕೊಟ್ಟಿತ್ತು.

ಈ ಇನ್ನೂರು ಗಂಟೆಯ ಲೆಕ್ಕ ಎಲ್ಲಿಂದ ಬಂತೆಂದು ನೋಡಿ. ಪತಂಜಲಿಯಿಂದ ಬಂದುದಲ್ಲ, ಹಠಯೋಗದ ಗ್ರಂಥಗಳಿಂದಲೂ ಅಲ್ಲ. ಅಮೆರಿಕದಲ್ಲಿ 1999ರಲ್ಲಿ ಸ್ಥಾಪನೆಯಾದ ಯೋಗ ಅಲಯನ್ಸ್ ಎಂಬ ಸಂಸ್ಥೆ, ಯಾರು ಬೇಕಾದರೂ ಶಿಕ್ಷಕರೆಂದು ಬೋರ್ಡು ಹಾಕಿಕೊಳ್ಳುವುದನ್ನು ಕಂಡು, ಕನಿಷ್ಠ ಇಷ್ಟಾದರೂ ಇರಲಿ ಎಂದು ಇಟ್ಟ ಅಳತೆ ಅದು. ಅದರ ಮೊದಲಿನ ನಿಯಮಗಳಲ್ಲಿ ಶರೀರದ ರಚನೆ ಮತ್ತು ವ್ಯಾಪಾರಗಳ ಪಾಠಕ್ಕೆ 20 ಗಂಟೆ, ಸ್ವತಃ ಪಾಠ ಹೇಳಿ ನೋಡುವುದಕ್ಕೆ 10 ಗಂಟೆ. ಶರೀರದ ಪಾಠವನ್ನು ಈಚೆಗೆ 30 ಗಂಟೆಗೆ ಏರಿಸಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ನಾವು ಮಾಡಿದುದೇನು? ಕನಿಷ್ಠವೆಂದು ಎಳೆದ ಗೆರೆಯನ್ನೇ ಗುರಿಯೆಂದು ಓಡಿ ಮುಟ್ಟಿದೆವು. ಋಷಿಕೇಶದಲ್ಲಿ, ಗೋವೆಯಲ್ಲಿ, ನಮ್ಮ ಮೈಸೂರಿನಲ್ಲಿ, ಒಂದು ತಿಂಗಳೂ ತುಂಬದ ಇನ್ನೂರು ಗಂಟೆಗಳು ಬೀದಿಬೀದಿಯಲ್ಲಿ ಮಾರಾಟಕ್ಕಿವೆ. ದಿನಕ್ಕೆ ಒಂದು ಗಂಟೆಯಂತೆ ಮನೆಯಲ್ಲಿ ಅಭ್ಯಾಸ ಮಾಡುವವನಿಗೂ ಇನ್ನೂರು ಗಂಟೆ ತುಂಬಲು ಏಳು ತಿಂಗಳು ಬೇಡ. ಅಂಥವನು ತನ್ನನ್ನು ಆರಂಭಿಕನೆಂದೇ ಹೇಳಿಕೊಳ್ಳುತ್ತಾನೆ. ಅಷ್ಟೇ ಗಂಟೆಗಳನ್ನು ಇಪ್ಪತ್ತೈದು ದಿನಕ್ಕೆ ತುರುಕಿಕೊಂಡವನು ಗುರುವೆಂದು ಹೇಳಿಕೊಳ್ಳುತ್ತಾನೆ. ಒಂದು ತಿಂಗಳ ಊಟವನ್ನು ಒಂದೇ ದಿನ ಉಂಡವನ ಮೈಗೆ ಎಷ್ಟು ಹತ್ತುವುದೋ ಅಷ್ಟೇ ವಿದ್ಯೆ ಹತ್ತುವುದು.

ಅಲ್ಲಿ ನಾವು ಪಾಠ ಹೇಳಿ ಅಭ್ಯಾಸ ಮಾಡಿದುದು ಯಾರ ಮೇಲೆ ಎಂಬುದನ್ನೂ ಹೇಳುತ್ತೇನೆ. ನಮ್ಮ ನಮ್ಮಲ್ಲೇ. ನನ್ನೊಬ್ಬನನ್ನು ಬಿಟ್ಟರೆ ಎಲ್ಲರೂ ಇಪ್ಪತ್ತೈದು ಮೂವತ್ತರ ಹರೆಯದವರು, ಮೈ ಬಾಗುವವರು, ಆಸನದ ಹೆಸರು ಹೇಳುವ ಮೊದಲೇ ಅದನ್ನು ಮಾಡಿ ಮುಗಿಸುವವರು. ಈಜು ಬಲ್ಲವರಿಗೆ ಈಜು ಕಲಿಸಿದ ಹಾಗೆ. ಊರಿಗೆ ಬಂದರೆ ನನ್ನ ಮುಂದೆ ಕುಳಿತವರು ಬೇರೆಯೇ ಜನ. ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಕಣ್ಣಿನ ಒತ್ತಡದ ಕಾಯಿಲೆ. ಈ ಕಡೆಯವರು ಸರ್ವಾಂಗಾಸನ, ಶೀರ್ಷಾಸನಗಳ ಹತ್ತಿರ ಸುಳಿಯಬಾರದು, ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಆ ಕಡೆಯವರು ವಜ್ರಾಸನದಲ್ಲಿ ಕೂರಲಾರರು. ಕಲಿಯುವಾಗ ನಾವು ನೋಡಿಕೊಳ್ಳಬೇಕಾದುದು ನಮ್ಮೊಬ್ಬರ ಮೈಯನ್ನು. ಕಲಿಸುವಾಗ ನಮ್ಮ ಮೈಯನ್ನು ಮರೆತು ಇಪ್ಪತ್ತೆರಡು ಮೈಗಳನ್ನು ನೋಡಬೇಕು. ನಾನೋ, ವೇದಿಕೆಯ ಮೇಲೆ ನಿಂತು ನನ್ನ ತ್ರಿಕೋಣಾಸನ ಎಷ್ಟು ಚೆನ್ನಾಗಿದೆಯೆಂದು ತೋರಿಸುವುದರಲ್ಲೇ ಅರ್ಧ ತರಗತಿ ಕಳೆಯುತ್ತಿದ್ದೆ.

ಈ ಸಂಗತಿ ಬೇರೆ ಯಾವ ಊರಿನವರಿಗೆ ತಿಳಿಯದಿದ್ದರೂ ನಮಗೆ ತಿಳಿದಿರಬೇಕಿತ್ತು. ಏಕೆಂದರೆ ಇಂದು ಲೋಕವೆಲ್ಲ ಮಾಡುತ್ತಿರುವ ಆಸನದ ಪಾಠದ ಬಹುದೊಡ್ಡ ಪಾಲು ಹೊರಟದ್ದು ಮೈಸೂರಿನಿಂದ. ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದರು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲಿಯೇ ಅಚ್ಚಾಯಿತು. ಆ ಶಾಲೆಯಲ್ಲಿ ಅವರು ಬಿಸಿರಕ್ತದ ಹುಡುಗರಿಗೆ ಕಠಿಣವಾದ ಆಸನಗಳನ್ನು ಕಠಿಣವಾಗಿಯೇ ಕಲಿಸಿದರು. 1950ರಲ್ಲಿ ಶಾಲೆ ಮುಚ್ಚಿತು. ಆಮೇಲೆ ಮದರಾಸಿಗೆ ಹೋಗಿ ನೆಲಸಿದ ಅದೇ ಆಚಾರ್ಯರು, ತಮ್ಮ ಬಳಿಗೆ ಬಂದ ರೋಗಿಗಳನ್ನೂ ಮುದುಕರನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಅವರವರ ವಯಸ್ಸು ಆರೋಗ್ಯಗಳನ್ನು ನೋಡಿ, ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಪಾಠ ಮಾಡಿದರು. ಗುರು ಒಬ್ಬರೇ, ಶಿಷ್ಯ ಬದಲಾದಂತೆ ಪಾಠ ಬದಲಾಯಿತು. ಕಲಿಸುವುದೆಂದರೆ ಇದು. ಇದನ್ನು ಇನ್ನೂರು ಗಂಟೆಯಲ್ಲಿ ತುಂಬಿಕೊಡುವ ಯಂತ್ರ ಇನ್ನೂ ಹುಟ್ಟಿಲ್ಲ.

ವಿದೇಶದವರು ‘ಮೈಸೂರು ಪದ್ಧತಿ’ ಎಂದು ಕರೆಯುವುದಾದರೂ ಏನನ್ನು? ಆಜ್ಞೆ ಕೂಗುವವರಿಲ್ಲದ, ಪ್ರತಿಯೊಬ್ಬನೂ ತನ್ನ ಉಸಿರಿನ ಲೆಕ್ಕಕ್ಕೆ ತನ್ನ ಅಭ್ಯಾಸ ಮಾಡುವ, ಗುರು ನಡುವೆ ಸುಳಿದಾಡುತ್ತ ನೋಡುವ ತರಗತಿಯನ್ನು. ಒಂದು ಆಸನ ನೆಲೆಯಾಗದೆ ಮುಂದಿನದನ್ನು ಹೇಳಿಕೊಡುವುದಿಲ್ಲ. ನಮ್ಮ ಊರಿನ ಹೆಸರು ಹೊತ್ತು ಲೋಕ ಸುತ್ತಿದ ಪದ್ಧತಿಯ ಸಾರವೇ ‘ನೋಡುವುದು’. ನಾವೋ ಮೈಕು ಸಿಕ್ಕಿಸಿಕೊಂಡು ಕೂಗುತ್ತಿದ್ದೇವೆ.

ಇಲ್ಲಿ ಬುದ್ಧಿವಂತ ಓದುಗರೊಬ್ಬರು ಎದ್ದು ಕೇಳಬಹುದು: “ಸ್ವಾಮಿ, ಬಿ. ಕೆ. ಎಸ್. ಅಯ್ಯಂಗಾರರಿಗೆ ಯಾರು ಪ್ರಮಾಣಪತ್ರ ಕೊಟ್ಟಿದ್ದರು? ಅವರೂ ಚಿಕ್ಕ ವಯಸ್ಸಿಗೇ ಪಾಠ ಶುರುಮಾಡಿದವರಲ್ಲವೆ?” ಒಳ್ಳೆಯ ಪ್ರಶ್ನೆ, ನಾನೂ ಇದನ್ನು ನನ್ನ ಸಮಾಧಾನಕ್ಕೆ ಬಳಸಿಕೊಂಡವನೇ. ಕೋಲಾರದ ಕಡೆಯ ಬೆಳ್ಳೂರಿನ ಆ ಬಡಕಲು ಹುಡುಗ 1934ರಲ್ಲಿ ಮೈಸೂರಿಗೆ, ಭಾವನಾದ ಕೃಷ್ಣಮಾಚಾರ್ಯರ ಮನೆಗೆ ಬಂದ. 1937ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಭಾಷೆ ಬಾರದ ಪುಣೆಗೆ ಪಾಠ ಹೇಳಲು ಹೋದ. ಕೈಯಲ್ಲಿ ಕಾಗದವಿರಲಿಲ್ಲ, ತಲೆಯಲ್ಲಿ ಹೇಳಿಕೊಳ್ಳುವಷ್ಟು ಶಾಸ್ತ್ರವೂ ಇರಲಿಲ್ಲ. ನಿಜ. ಆದರೆ ಮುಂದೆ ಏನಾಯಿತೆಂದೂ ನೋಡಬೇಕು. ಆತ ದಿನವೂ ಗಂಟೆಗಟ್ಟಲೆ ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡ. ಬಾಗದವರಿಗೆ ಪಟ್ಟಿ, ನಿಲ್ಲಲಾರದವರಿಗೆ ಇಟ್ಟಿಗೆಯಾಕಾರದ ಮರದ ತುಂಡು, ಮಲಗಿಯೇ ಮಾಡುವವರಿಗೆ ದಿಂಬು ಎಂದು ಒಂದೊಂದು ಮೈಯ ಕಷ್ಟಕ್ಕೂ ಒಂದೊಂದು ಸಾಧನ ಹುಡುಕಿದ. ಲೋಕಕ್ಕೆ ಹೆಸರಾದ ಅವರ ‘ಲೈಟ್ ಆನ್ ಯೋಗ’ ಹೊರಬಂದದ್ದು 1966ರಲ್ಲಿ, ಪಾಠ ಶುರುಮಾಡಿದ ಇಪ್ಪತ್ತೊಂಬತ್ತು ವರ್ಷದ ಮೇಲೆ. 2014ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಕಲಿಯುವುದನ್ನು ಬಿಡಲಿಲ್ಲ. ಅವರ ಹೆಸರಿನ ಪದ್ಧತಿಯಲ್ಲಿ ಇಂದು ಶಿಕ್ಷಕರಾಗಬೇಕೆಂದರೆ ಹಲವು ವರ್ಷಗಳ ಅಭ್ಯಾಸ ಬೇಕು, ಹಿರಿಯರ ಮುಂದೆ ಪರೀಕ್ಷೆಯಾಗಬೇಕು. ತಾವು ಪಟ್ಟ ಪಾಡು ಇನ್ನೊಬ್ಬ ಹದಿನೆಂಟರ ಹುಡುಗನಿಗೂ ಅವನ ಶಿಷ್ಯರಿಗೂ ಬಾರದಿರಲೆಂದೇ ಅಲ್ಲವೆ ಇಂಥ ಕಟ್ಟು? ಅಯ್ಯಂಗಾರರು ಕಾಗದವಿಲ್ಲದೆ ಶುರುಮಾಡಿದರು ಎಂಬುದನ್ನು ನೆನೆಯುವವರು, ಅವರು ಎಂದೂ ಮುಗಿಸಲಿಲ್ಲ ಎಂಬುದನ್ನೂ ನೆನೆಯಬೇಕು.

ಇನ್ನು ಕೆಲವರು ಎದುರು ದಿಕ್ಕಿನಿಂದ ಬರುತ್ತಾರೆ. “ಕಾಗದ, ಗಂಟೆ, ಪರೀಕ್ಷೆ ಎಲ್ಲವೂ ಪಾಶ್ಚಾತ್ಯರ ಗೀಳು. ನಮ್ಮದು ಗುರುಶಿಷ್ಯ ಪರಂಪರೆ. ಗುರುವಿಗೆ ಶರಣಾದರೆ ಸಾಕು” ಎಂದು. ಇವರ ಮಾತಿಗೂ ನಾನು ತಲೆದೂಗಲಾರೆ. ಹಾಸನದ ಬಳಿಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿ, 1937ರಿಂದ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿ, 1962ರಲ್ಲಿ ‘ಯೋಗಮಾಲಾ’ ಪ್ರಕಟಿಸಿ, ಲೋಕವನ್ನೇ ಲಕ್ಷ್ಮೀಪುರಕ್ಕೂ ಗೋಕುಲಕ್ಕೂ ಕರೆಸಿಕೊಂಡ ಪಟ್ಟಾಭಿ ಜೋಯಿಸರಿಗೆ ಪರಂಪರೆ ಇರಲಿಲ್ಲವೆ? ಇತ್ತು. ವಿದ್ಯೆಯೂ ಇತ್ತು. ಆದರೂ ಅವರು 2009ರಲ್ಲಿ ತೀರಿಕೊಂಡ ಮೇಲೆ ಹಲವು ಶಿಷ್ಯೆಯರು, ಆಸನ ತಿದ್ದುವ ನೆಪದಲ್ಲಿ ಅವರು ತಮ್ಮನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟುತ್ತಿದ್ದರೆಂದು ತಮ್ಮ ಹೆಸರು ಹೇಳಿಯೇ ಬಹಿರಂಗಪಡಿಸಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸರು, ಅಜ್ಜನ ಅಂಥ ತಿದ್ದುವಿಕೆಯನ್ನು ತಾವೂ ಕಂಡಿದ್ದುದಾಗಿ ಒಪ್ಪಿಕೊಂಡು, ನೊಂದವರ ಕ್ಷಮೆ ಕೋರಿದರು. ಇದನ್ನು ಬರೆಯುವುದು ಮೈಸೂರಿನ ಅಭಿಮಾನಿಯಾದ ನನಗೆ ಸಂತೋಷದ ಕೆಲಸವಲ್ಲ. ಆದರೆ ಬರೆಯದೆ ಬಿಟ್ಟರೆ ನನ್ನ ವಾದ ಅರ್ಧವಾಗುತ್ತದೆ. ಅಲ್ಲಿ ವಿದ್ಯೆ ಬಹಳ, ಇಲ್ಲಿ ನನ್ನ ಹತ್ತಿರ ವಿದ್ಯೆ ಕಡಿಮೆ. ನಾನು ಮಾಡಿದ್ದು ಅಜ್ಞಾನ, ಅವರು ಹೇಳಿದ್ದು ಬೇರೆ ಜಾತಿಯ ಅಪರಾಧ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಎರಡು ಕಡೆಯೂ ಬಾಯಿ ಕಟ್ಟಿದ್ದು ಒಂದೇ ಶಬ್ದ: ಗುರು. ಚಾಪೆಯ ಮೇಲಿದ್ದವರಿಗೆ ‘ಬೇಡ’ ಎನ್ನುವ ಬಾಯಿ ಇರಲಿಲ್ಲ. ಮೇಲೆ ನಿಂತವರಿಗೆ ‘ಇದು ಸಲ್ಲದು’ ಎಂದು ತಡೆಯುವವರು ಇರಲಿಲ್ಲ.

ಆದ್ದರಿಂದ ಯೋಗ ಕಲಿಸುವವರನ್ನು ಕೇಳಬೇಕಾದ ಪ್ರಶ್ನೆ ‘ನಿಮ್ಮ ಪ್ರಮಾಣಪತ್ರ ಎಲ್ಲಿಯದು?’ ಎಂಬುದಲ್ಲ. ‘ನಿಮ್ಮ ಗುರುಪರಂಪರೆ ಯಾವುದು?’ ಎಂಬುದೂ ಅಲ್ಲ. ‘ಈಗ, ಈ ವಾರ, ನಿಮ್ಮನ್ನು ತಿದ್ದುತ್ತಿರುವವರು ಯಾರು?’ ಎಂಬುದು. ಆ ಪ್ರಶ್ನೆಗೆ ಹೆಸರು ಹೇಳಲಾರದವರ ಮುಂದೆ ನಿಮ್ಮ ಬೆನ್ನನ್ನು ಬಾಗಿಸಬೇಡಿ.

ಯೋಗ ಎಲ್ಲರದು, ಹೀಗೆಲ್ಲ ಕಟ್ಟುಕಟ್ಟಳೆ ಹಾಕಿದರೆ ಜನ ಕಲಿಯುವುದು ಹೇಗೆ ಎಂದು ಆಕ್ಷೇಪಿಸುವವರಿದ್ದಾರೆ. ವಿಶ್ವಸಂಸ್ಥೆ 2014ರಲ್ಲಿ ಘೋಷಿಸಿ 2015ರಿಂದ ನಡೆದುಬಂದಿರುವ ಜೂನ್ 21ರ ದಿನಾಚರಣೆಯಲ್ಲಿ ಲಕ್ಷಾಂತರ ಮಂದಿ ಕೈಯೆತ್ತಿ ಬಾಗುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ನೆರೆಯವನು ನೆರೆಯವನಿಗೆ ತಾಡಾಸನ ತೋರಿಸುವುದಕ್ಕೆ, ಉದ್ಯಾನದಲ್ಲಿ ನಾಲ್ಕು ಮಂದಿ ಕೂಡಿ ಉಸಿರಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ತಕರಾರಿರುವುದು ಇನ್ನೊಬ್ಬರ ಮೈಮೇಲೆ ಕೈಯಿಟ್ಟು, ಹಣ ತೆಗೆದುಕೊಂಡು, ತಾನು ಬಲ್ಲವನೆಂದು ಹೇಳುವ ಕಡೆ. ಸ್ಕೂಟರು ಕಲಿಯುವ ಹುಡುಗನಿಗೆ ಸರ್ಕಾರ ಕೆಂಪು ‘ಎಲ್’ ಬೋರ್ಡು ಕಟ್ಟಿಸಿ, ಮೂವತ್ತು ದಿನ ಕಳೆಯದೆ ಪಕ್ಕಾ ಪರವಾನಗಿಯ ಪರೀಕ್ಷೆಗೇ ಬಿಡುವುದಿಲ್ಲ. ಯೋಗ ಕಲಿಸಲು ಪರವಾನಗಿ ಬೇಕೆಂಬ ಕಾನೂನು ನಮ್ಮಲ್ಲಿಲ್ಲ. 2018ರಲ್ಲಿ ಆಯುಷ್ ಸಚಿವಾಲಯ ಯೋಗ ಪ್ರಮಾಣೀಕರಣ ಮಂಡಲಿಯನ್ನು ಸ್ಥಾಪಿಸಿ ಪರೀಕ್ಷೆಗಳನ್ನು ತಂದಿತು. ಒಳ್ಳೆಯದಾಯಿತು, ಆದರೆ ಅವು ಇಷ್ಟವಿದ್ದವರಿಗೆ. ಕಾನೂನೇ ಬರಲಿ ಎಂದು ನಾನು ಕೂಗುತ್ತಿಲ್ಲ. ಕಾನೂನು ಬಂದರೆ ಅದೂ ಇನ್ನೊಂದು ಚೌಕಟ್ಟಿನ ಕಾಗದವನ್ನೇ ಹೊತ್ತು ತರುತ್ತದೆ.

ನಾನು ಕೇಳುವುದು ಸಣ್ಣ ಸಂಗತಿಗಳನ್ನು. ಶಾಲೆ ನಡೆಸುವವರೇ, ವಿದ್ಯಾರ್ಥಿಗಳಿಗೆ ಪಾಠ ಹೇಳುವುದಕ್ಕಿಂತ ಶಿಕ್ಷಕರನ್ನು ತಯಾರಿಸುವುದರಲ್ಲೇ ನಿಮಗೆ ಲಾಭ ಹೆಚ್ಚು ಎಂಬುದು ನನಗೆ ಗೊತ್ತು. ನನ್ನ ಹಣವೂ ಅದರಲ್ಲಿದೆ. ನೀವು ಕೊಡುವ ಕಾಗದದ ಮೇಲೆ ‘ಶಿಕ್ಷಕ’ ಎಂದು ಬರೆಯಬೇಡಿ, ‘ಸಹಾಯಕ’ ಎಂದು ಬರೆಯಿರಿ. ಒಂದು ವರ್ಷ ಹಿರಿಯರ ತರಗತಿಯಲ್ಲಿ ಓಡಾಡಿ, ಮುದುಕರ ಮಂಡಿಯನ್ನೂ ಬಸುರಿಯ ಸೊಂಟವನ್ನೂ ಕಣ್ಣಾರೆ ಕಂಡು ಬಂದ ಮೇಲೆ ಆ ಶಬ್ದವನ್ನು ತಿದ್ದಿಕೊಡಿ. ಬಡಾವಣೆಯ ಸಂಘದ ಕಾರ್ಯದರ್ಶಿಗಳೇ, ಹಾಲಿನ ಬೀಗದ ಕೈ ಕೊಡುವ ಮುಂಚೆ ಬಾಡಿಗೆಯ ಮಾತಿನ ಜೊತೆಗೆ ‘ನಿಮ್ಮನ್ನು ತಿದ್ದುವವರು ಯಾರು?’ ಎಂದೂ ಕೇಳಿ. ಹೊಸದಾಗಿ ಕಲಿಸಲು ಹೊರಟ ತಮ್ಮ, ತಂಗಿಯರೇ, ಮೊದಲ ದಿನ ಸೂರ್ಯನಮಸ್ಕಾರಕ್ಕೆ ಮುಂಚೆ ಒಬ್ಬೊಬ್ಬರನ್ನೂ ಕರೆದು ಅವರ ಬೆನ್ನು, ರಕ್ತದೊತ್ತಡ, ಕಣ್ಣು, ಮೂಳೆಗಳ ಸಮಾಚಾರ ಕೇಳಿ ಬರೆದಿಟ್ಟುಕೊಳ್ಳಿ. ಕೇಳದೆ ಯಾರನ್ನೂ ಮುಟ್ಟಬೇಡಿ. ‘ಸಾಕು’ ಎನ್ನುವುದನ್ನು ನಿಮ್ಮ ತರಗತಿಯ ಮೊದಲ ಆಸನವಾಗಿ ಕಲಿಸಿ.

ನಾನು ತರಗತಿ ನಿಲ್ಲಿಸಿ ಎರಡು ವರ್ಷವಾಯಿತು. ಈಗ ವಾರಕ್ಕೆ ನಾಲ್ಕು ದಿನ ಹಿರಿಯರೊಬ್ಬರ ಬಳಿಗೆ ಹೋಗುತ್ತೇನೆ. ಅವರು ನನಗಿಂತ ಹತ್ತು ವರ್ಷ ಚಿಕ್ಕವರು, ನನಗಿಂತ ಇಪ್ಪತ್ತು ವರ್ಷ ಹೆಚ್ಚು ಕಲಿಸಿದವರು. ಚಾಪೆ ಹಾಸುತ್ತೇನೆ, ದಿಂಬು ಹೊರುತ್ತೇನೆ, ನೋಡುತ್ತೇನೆ. ಮೊದಲ ಆರು ತಿಂಗಳು ನನಗೆ ಯಾರನ್ನೂ ಮುಟ್ಟುವ ಅಪ್ಪಣೆ ಇರಲಿಲ್ಲ. ಆ ಆರು ತಿಂಗಳಲ್ಲಿ ನಾನು ಕಂಡಷ್ಟನ್ನು ಆ ಇನ್ನೂರು ಗಂಟೆಯಲ್ಲಿ ಕಂಡಿರಲಿಲ್ಲ. ಮೊನ್ನೆ ಒಬ್ಬರ ಭುಜ ಹಿಡಿಯಲು ಹೋದಾಗ ಅವರು ದೂರದಿಂದಲೇ, “ಕೇಳಿದಿರಾ?” ಎಂದರು. ಕೇಳಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ.

ನನ್ನ ಬೀದಿಯ ಆ ಹೆಂಗಸು ಮೂರು ತಿಂಗಳ ಮೇಲೆ ಎದ್ದು ಓಡಾಡಿದರು. ಬೆನ್ನು ಮೊದಲಿನಷ್ಟು ನೇರವಾಗಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ “ನಮಸ್ಕಾರ ಮೇಷ್ಟ್ರೇ” ಎನ್ನುತ್ತಾರೆ. ಹಾಗೆನ್ನಬೇಡಿ ಎಂದು ಎಷ್ಟೋ ಸಲ ಹೇಳಿದ್ದೇನೆ, ಕೇಳುವುದಿಲ್ಲ. ಚೌಕಟ್ಟನ್ನು ಗೋಡೆಯಿಂದ ಇಳಿಸಿದ್ದೇನೆ. ಮೊಳೆ ಮಾತ್ರ ಅಲ್ಲೇ ಇದೆ, ಕೀಳಲು ಮನಸ್ಸು ಬಂದಿಲ್ಲ. ಅದನ್ನು ಕಂಡಾಗೆಲ್ಲ, ಅಂದು ನನ್ನ ಅಂಗೈಯ ಕೆಳಗೆ ಕೇಳಿಸಿದ ಆ ಸಣ್ಣ ಉಸಿರು ನೆನಪಾಗುತ್ತದೆ.